ನಂದಗುಡಿಯಲ್ಲಿ ಬೈಸಿಕೊಂಡವರು

ಎಪ್ಪತ್ತೆರಡರ ಚಳಿಗಾಲದ ಒಂದು ಬೆಳಿಗ್ಗೆ ನಾನೂ ಶ್ರೀನಿವಾಸನೂ ಬೆಂಗಳೂರಿನಿಂದ ನಂದಗುಡಿಗೆ ಹೊರಟೆವು. ಶ್ರೀನಿವಾಸ ನನ್ನ ಅಕ್ಕ ಗೌರಮ್ಮನ ಮಗ, ಬ್ಯಾಂಕಿನಲ್ಲಿ ಗುಮಾಸ್ತ. ಅಕ್ಕ ತೀರಿಕೊಂಡು ವರ್ಷವಾಗಿತ್ತು. ತಿಥಿಯನ್ನು ಬೆಂಗಳೂರಿನಲ್ಲೇ ಮುಗಿಸಿದ್ದೆವು. ಅವಳ ನೆನಪಿಗೆ ಅವತ್ತು ಸಂಜೆ ಊರಿನಲ್ಲಿ ತೊಗಲುಗೊಂಬೆ ಆಟವಿತ್ತು. ಶ್ರೀನಿವಾಸ ಅವಳ ಫೋಟೋವನ್ನು ಕಿಟಕಿಯಷ್ಟು ದೊಡ್ಡದು ಮಾಡಿಸಿ ಗಾಜು ಹಾಕಿಸಿದ್ದ. ಬೇಡವೆಂದು ನಾನು ಹೇಳಿದ್ದೆ.

ಹೊಸಕೋಟೆಯವರೆಗೆ ಸಿಟಿ ಬಸ್ಸು, ನಿಂತೇ ಹೋದೆವು. ಅಲ್ಲಿಂದ ಮುಂದಿನ ಖಾಸಗಿ ಬಸ್ಸು ತುಂಬುವವರೆಗೂ ಅಲುಗಾಡಲಿಲ್ಲ. ತುಂಬಿದ ಮೇಲೆ ಡ್ರೈವರು ತಿಂಡಿಗೆ ಹೋದ. ಫೋಟೋ ನಮ್ಮಿಬ್ಬರ ನಡುವೆ ಕೂತಿತ್ತು.

“ಅಮ್ಮಾವ್ರಿಗೂ ಒಂದು ಟಿಕೇಟ್ ತಗೊಳ್ಳಿ ಸ್ವಾಮಿ,” ಎಂದ ಕಂಡಕ್ಟರು.

“ಫೋಟೋಗೆ ಟಿಕೇಟೇನ್ರೀ?”

“ಸೀಟ್ ಹಿಡ್ಕಂಡ್ ಮ್ಯಾಲೆ ಎಲ್ರೂ ಪ್ಯಾಸೆಂಜರ್ರೇ.”

ಶ್ರೀನಿವಾಸ ಜಗಳಕ್ಕೆ ನಿಂತ. ಕೊನೆಗೆ ಫೋಟೋ ಅವನ ತೊಡೆಯ ಮೇಲೆ ಬಂತು. ಹಿಂದಿನ ಸೀಟಿನ ಸಾಬರೊಬ್ಬರು ಬಗ್ಗಿ ನೋಡಿ, “ಅರೆ, ಗೌರಮ್ಮ ಅಲ್ವಾ? ಗೊಂಬೆಗೆ ಬಣ್ಣ ನಮ್ ಅಂಗಡೀಲೇ ತಗೋತಿದ್ರು. ಚೌಕಾಸಿ ಮಾಡಿ ಮಾಡಿ ನಮ್ ಅಬ್ಬಾಗೆ ತಲೆನೋವು ಬರಿಸ್ಬಿಡೋರು,” ಎಂದರು. ಶ್ರೀನಿವಾಸ ಫೋಟೋವನ್ನು ಆಚೆ ತಿರುಗಿಸಿಕೊಂಡ.

ನಮ್ಮ ತಾಯಿ ಹೋದ ಮೇಲೆ ತಮ್ಮಂದಿರಾದ ನಮ್ಮನ್ನು ಸಾಕಿದವಳು ಗೌರಕ್ಕ. ಶ್ರಾವಣ ಶನಿವಾರಗಳಲ್ಲಿ ಉಪವಾಸವಿದ್ದು ಹನುಮಂತನ ಗುಡಿ ಸಾರಿಸುತ್ತಿದ್ದಳು. ಅವರೆ ಸುಗ್ಗಿಯಲ್ಲಿ ಪ್ರತಿ ವರ್ಷ ಮೇಳ ಕರೆಸಿ ಗೊಂಬೆಯಾಟ ಆಡಿಸುತ್ತಿದ್ದಳು. ಆಟದವರಿಗೆ ರಾಗಿ, ಗೊಂಬೆಗೆ ಹೊಸ ತೊಗಲು, ಮಳೆಗಾಲದಲ್ಲಿ ಅವರ ಸಂಸಾರಕ್ಕೆ ನಮ್ಮ ಕೊಟ್ಟಿಗೆ, ಎಲ್ಲ ಅವಳದೇ.

ನಂದಗುಡಿ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ದಾಬಸ್‌ಪೇಟೆಗೆ ಕೊಟ್ಟಿರುವ ಅಕ್ಕನ ಮಗಳು ಶಾರದೆ ಮೊದಲೇ ಬಂದು ಅಡಿಗೆ ಮಾಡಿದ್ದಳು. ಮುದ್ದೆ, ಅವರೆಕಾಳಿನ ಸಾರು. ಸಾರು ನೀರಾಗಿತ್ತು, ಊರೆಲ್ಲ ಊಟಕ್ಕೆ ಬಂದಿದ್ದರೆ ಅವಳು ತಾನೇ ಏನು ಮಾಡಿಯಾಳು?

ಅಂಗಳದಲ್ಲಿ ಗೋವಿಂದಪ್ಪ ಬಿಳಿಯ ಪರದೆ ಕಟ್ಟುತ್ತಿದ್ದ. ಆಟದ ಮೇಳ ಅವನದು. ಶ್ರೀನಿವಾಸ ಕೈ ತೊಳೆದವನೇ ಅವನಿಗೆ ಎರಡು ಅಪ್ಪಣೆ ಕೊಟ್ಟ. ಭಾಷಣಕ್ಕೆ ಬರುವ ಅತಿಥಿಗಳು ಬೇಗ ಹಿಂದಿರುಗಬೇಕಾದ್ದರಿಂದ ಆಟ ದೀಪ ಹಚ್ಚುವ ಹೊತ್ತಿಗೇ ಶುರುವಾಗಬೇಕು. ಮತ್ತೆ, ಕಿಳ್ಳೇಕ್ಯಾತ ಅಮ್ಮನ ಹೆಸರು ಎತ್ತಕೂಡದು.

ಕಿಳ್ಳೇಕ್ಯಾತನೆಂದರೆ ಈ ಆಟದ ಹೊಟ್ಟೆಬಾಕ ಕೋಡಂಗಿ ಗೊಂಬೆ. ಕಥೆಗೆ ಮೊದಲು ಅವನು ಬಂದು, ಆಟ ಕರೆಸಿದ ಒಡೆಯರ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈಯುತ್ತಾನೆ. ಗೌರಕ್ಕ ಬಡಿಸಿದ ತುಪ್ಪ ಎಲೆಗೆ ಬೀಳುವುದರೊಳಗೆ ಒಣಗಿಹೋಗುತ್ತದೆ ಎಂದು ಅವನು ಹೇಳಿದರೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.

“ಸತ್ತೋರನ್ನ ಬೈಯೋದು ಮರ್ಯಾದೇನಾ?” ಎಂದ ಶ್ರೀನಿವಾಸ.

“ಬದ್ಕಿರೋರ್ನ ತೋರ್ಸಿ ಸ್ವಾಮಿ, ಅವರನ್ನೇ ಬೈತೀನಿ. ಬೈಸ್ಕಳೋರಿಲ್ಲ ಅಂದ್ರೆ ಆಟಕ್ಕೆ ಒಡೇರಿಲ್ಲ. ಒಡೇರಿಲ್ದೆ ಹೆಂಗ್ ಆಡ್ಸನ?”

ಬೈಸಿಕೊಂಡವರ ಮನೆಗೆ ಮೇಳ ಮುಂದಿನ ವರ್ಷವೂ ಬರುತ್ತದೆ. ಆಟದವರಿಗೆ ರಾಗಿ, ಕೊಟ್ಟಿಗೆ ಕೊಡುವ ಹೊಣೆಯೆಲ್ಲ ಬೈಸಿಕೊಂಡವರದೇ. “ನಾನು ಬೆಂಗಳೂರಲ್ಲಿರೋನು ಮಾವ,” ಎಂದ ಶ್ರೀನಿವಾಸ ನನ್ನ ಕಡೆ ತಿರುಗಿ. ಬೆಂಗಳೂರಿನಲ್ಲಿ ಇರುವುದೂ ಒಂದು ಕಾಯಿಲೆಯೇನೋ ಎಂಬಂತೆ ಹೇಳಿದ. ನನಗೆ ರೇಗಿತು. ಅಕ್ಕನ ಆಟ ಅವಳ ಅಂಗಳದಲ್ಲೇ ಇವತ್ತಿಗೆ ಮುಗಿಯುವುದೋ ಎಂದು ಭಯವೂ ಆಯಿತು.

ಸಂಜೆ ಭಾಷಣ. ಮುಖ್ಯ ಅತಿಥಿಗಳು ಕಲಾಪೋಷಕಿ, ಕಲಾಪೋಷಕಿ ಎಂದು ಬಹಳ ಹೊತ್ತು ಹೊಗಳಿದರು. ನಡುವೆ ಗೌರಮ್ಮ ಗಿರಿಜಮ್ಮನಾದಳು. ಯಾರೂ ತಿದ್ದಲಿಲ್ಲ. ಹಾರ ಹಾಕಿಸಿಕೊಂಡು, ಆಟ ನೋಡದೆ ಕಾರು ಹತ್ತಿದರು.

ಪರದೆಯ ಹಿಂದೆ ದೀಪ ಹತ್ತಿತು. ಗಣಪತಿ ಗೊಂಬೆಗೆ ಪೂಜೆಯಾಯಿತು. ಕಿಳ್ಳೇಕ್ಯಾತ ಹೊಟ್ಟೆ ಕುಣಿಸುತ್ತ ಬಂದು ನಡುವೆ ನಿಂತ.

“ಈ ಆಟಕ್ಕೆ ಒಡೇರು ಯಾರ್ಲಾ?”

ಯಾರೂ ಏಳಲಿಲ್ಲ. ಮತ್ತೆ ಕೇಳಿದ. ಶ್ರೀನಿವಾಸ ಫೋಟೋದ ಗಾಜು ಒರೆಸುತ್ತಿದ್ದ. ಪರದೆಯ ಮೇಲೆ ಗೊಂಬೆಯ ಕೈ ಮೆಲ್ಲಗೆ ಕೆಳಗಿಳಿಯಿತು.

ಹೆಂಗಸರ ನಡುವಿನಿಂದ ಶಾರದೆ ಎದ್ದಳು.

“ನಾನು. ನನ್ನ ಬೈಯಪ್ಪ.”

“ಶಾರದಾ, ಕೂತ್ಕೊ,” ಎಂದ ಶ್ರೀನಿವಾಸ. “ದಾಬಸ್‌ಪೇಟೆಯಿಂದ ವರ್ಷಾ ವರ್ಷಾ ಬರ್ತೀಯಾ?”

“ಬಸ್ಸಿದೆಯಲ್ಲಣ್ಣ.”

ಗೊಂಬೆಯ ಕೈ ಮೇಲೆದ್ದಿತು. “ಓಹೋ, ದಾಬಸ್‌ಪೇಟೆ ಸೊಸೆ! ಈಯಮ್ಮನ ಸಾರಲ್ಲಿ ಒಂದು ಅವರೆಕಾಳು ಹುಡ್ಕೋಕೆ ಮಧ್ಯಾನ ಮುಳುಗ್ದೋನು ಈಗ ಎದ್ ಬರ್ತಾವ್ನಿ ಕಣ್ರೋ!”

“ಮುಂದಿನ ವರ್ಷ ಅದೂ ಇಲ್ಲ, ಹೋಗು,” ಎಂದಳು ಶಾರದೆ. ಅಂಗಳವೆಲ್ಲ ನಕ್ಕಿತು. ಕಥೆ ಶುರುವಾಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹಿಂದಿರುಗಿದೆವು. ಹಾಲಿನ ಕ್ಯಾನುಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಹೊಸಕೋಟೆ ಕೆರೆ ಏರಿ ಕಂಡಾಗ ಶ್ರೀನಿವಾಸ, “ಮಾವ, ಆ ಕಿಳ್ಳೇಕ್ಯಾತ ನನ್ನನ್ನೂ ಒಂದು ಮಾತು ಬೈಬಹುದಿತ್ತು,” ಎಂದ.

“ನೀನು ಎದ್ದು ನಿಲ್ಲಲಿಲ್ಲವಲ್ಲೋ,” ಎಂದೆ.