ಸಾರಿಗೆ ಬಿದ್ದ ಸೋರೆಕಾಯಿ

ಕಾವ್ ಬಾಂಗ್ ಬೆಟ್ಟಗಳ ತಾಯ್ ಬುಡಕಟ್ಟಿನ ಜನ ತಿನ್ ವಾದ್ಯ ಬೇಕೆಂದರೆ ಲುಯೆನಳ ಮನೆ ಹುಡುಕಿಕೊಂಡು ಬರುತ್ತಿದ್ದರು. ಒಣಗಿದ ಸೋರೆಬುರುಡೆಗೆ ತೆಳು ಹಲಗೆ ಮುಚ್ಚಿ, ಉದ್ದನೆ ದಂಡಿ ಸೇರಿಸಿ, ತಂತಿ ಬಿಗಿದರೆ ತಿನ್ ಆಯಿತು. ಆದರೆ ಒಳ್ಳೆ ಬುರುಡೆ ಸಿಗುವುದೇ ಕಷ್ಟ. ಲುಯೆನ್ ಅದಕ್ಕೆಂದೇ ಸೋರೆ ಬೆಳೆಯುತ್ತಿದ್ದಳು. ಕಾಯಿ ಒಂದು ಕಡೆ ವಾಲದ ಹಾಗೆ ಕೆಳಗೆ ಹುಲ್ಲಿನ ಸಿಂಬಿ ಇಡುವಳು, ದಿನಾ ಬೆಳಿಗ್ಗೆ ಎಲೆ ಸರಿಸಿ ನೋಡುವಳು.

"ನನ್ನ ಮುಖಾನ ಇಷ್ಟು ಅಕ್ಕರೆಯಿಂದ ಯಾವತ್ತಾದ್ರೂ ನೋಡಿದ್ದೀಯೇನೇ?" ಅಂತ ಗಂಡ ಖೋಯ್ ಕಿಚಾಯಿಸುತ್ತಿದ್ದ.

"ನಿಮ್ಮ ಮುಖ ಅಷ್ಟು ದುಂಡಗಿಲ್ವಲ್ಲ."

ಒಂದು ವರ್ಷ ಆಲಿಕಲ್ಲು ಬಿದ್ದು ಚಪ್ಪರವೆಲ್ಲ ಜಜ್ಜಿಹೋಯಿತು. ಉಳಿದದ್ದು ಒಂದೇ ಕಾಯಿ. ಅದನ್ನು ಪೂಜೆಯ ಹಾಡು ಹೇಳುವ ಕ್ಯೂ ಅಜ್ಜಿಯ ವಾದ್ಯಕ್ಕೆಂದು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಸಂತೆಗೆ ಹೋಗಿ ಬರುವಷ್ಟರಲ್ಲಿ ಕಾಯಿ ಇಲ್ಲ.

"ಕಾಯಿ ಎಲ್ರೀ?"

"ಸ್ನೇಹಿತರು ಬಂದಿದ್ರು. ಹಂದಿ ಮೂಳೆ ಹಾಕಿ ಸಾರು ಮಾಡಿದೆ. ನಿನಗೂ ಎತ್ತಿಟ್ಟಿದ್ದೀನಿ ನೋಡು."

ಲುಯೆನ್ ಸಾರು ಮುಟ್ಟಲಿಲ್ಲ. ಮೂರು ದಿನ ಗಂಡನ ಜೊತೆ ತುಟಿ ಬಿಚ್ಚಲಿಲ್ಲ. ನಾಲ್ಕನೇ ದಿನ ಖೋಯ್ ಬೈಕ್ ಹತ್ತಿ ಕಣಿವೆ ದಾಟಿ ಅವಳ ತವರಿಗೆ ಹೋದ. ಅವಳ ಅಣ್ಣ ಒಲೆ ಮೇಲಿನ ಅಟ್ಟದಿಂದ ಒಣಗಿದ ಬುರುಡೆಯೊಂದನ್ನು ಇಳಿಸಿ ಕೊಟ್ಟ.

"ತಗೊಳ್ಳಿ ಭಾವ. ಈಗಲೂ ಬಾರಿಸ್ತಾಳಾ ನಮ್ಮ ಹುಡುಗಿ?"

"ಬಾರಿಸೋದಾ? ಅವಳು ಮಾಡಿಕೊಡ್ತಾಳೆ ಅಷ್ಟೆ."

"ಏನು ಹೇಳ್ತಿದ್ದೀರಿ! ಮದುವೆಗೆ ಮುಂಚೆ ಅವಳು ತಿನ್ ಹಿಡಿದ್ರೆ ಪಕ್ಕದೂರಿನವರೂ ಬಂದು ಕೂರ್ತಿದ್ರು."

ದಾರಿಯುದ್ದಕ್ಕೂ ಖೋಯ್‌ಗೆ ಅದೇ ಯೋಚನೆ. ಮನೆಗೆ ಬಂದವನೇ ಬುರುಡೆ ಅವಳ ಕೈಗಿಟ್ಟು ಕೇಳಿದ: "ಮೂವತ್ನಾಲ್ಕು ವರ್ಷ ಆಯ್ತು. ತಿನ್ ಬಾರಿಸ್ತಿದ್ದೆ ಅಂತ ಒಂದು ಮಾತು ಹೇಳಬಾರದಿತ್ತಾ?"

"ನೀವು ಕೇಳಿದ್ರಾ? ಬಂದ ಮಾರನೇ ದಿನವೇ ನಿಮ್ಮಮ್ಮ ಹಂದಿಗೆ ಮೇವು ಕುದಿಸೋಕೆ ಕೂರಿಸಿದ್ರು. ಆಮೇಲೆ ಮಕ್ಕಳು. ಆಮೇಲೆ ಮಂದಿಗೆ ಮಾಡಿಕೊಡೋದ್ರಲ್ಲೇ ದಿನ ಹೋಯ್ತು."

ಖೋಯ್ ಎದ್ದು ಹೋಗಿ ಬುರುಡೆ ನೆನೆಸಲು ನೀರು ತಂದ.

ಬುರುಡೆ ಸುಣ್ಣದ ನೀರಲ್ಲಿ ನೆಂದು, ಒಣಗಿ, ತಂತಿ ಏರುವ ಹೊತ್ತಿಗೆ ತಿಂಗಳಾಯಿತು. "ಅಜ್ಜಿಗೆ ಕೊಡೋ ಮುಂಚೆ ಒಂದ್ಸಲ ಬಾರಿಸೇ," ಅಂತ ಖೋಯ್ ಎದುರಿಗೇ ಕುಕ್ಕರುಗಾಲಲ್ಲಿ ಕೂತ. ಲುಯೆನಳ ಬೆರಳು ಎರಡು ಸಲ ತಡವರಿಸಿತು. ನಾಚಿಕೊಂಡು ಕೆಳಗಿಡಹೋದಳು, ಅವನು ಬಿಡಲಿಲ್ಲ. ಮೂರನೇ ಸಲ ಹಾಡು ಹರಿಯಿತು. ವಾದ್ಯ ಒಯ್ಯಲು ಬಂದ ಕ್ಯೂ ಅಜ್ಜಿ ಮೆಟ್ಟಿಲ ಹತ್ತಿರವೇ ನಿಂತು ಪೂರ್ತಿ ಕೇಳಿದಳು.

"ಅಯ್ಯೋ ಕಳ್ಳಿ, ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ? ಇದಂತೂ ನನ್ನದು, ಕೊಡಲ್ಲ. ನಿನಗೊಂದು ಮಾಡ್ಕೊ. ಇನ್ಮೇಲೆ ನನ್ನ ಪಕ್ಕದಲ್ಲಿ ಕೂತ್ಕೊ."

ಮುಂದಿನ ವರ್ಷದಿಂದ ಲುಯೆನ್ ಪೂಜೆ ನಡೆಯುವ ಮನೆಗಳಲ್ಲಿ ಅಜ್ಜಿಯ ಜೊತೆ ಬಾರಿಸತೊಡಗಿದಳು. ಬೈಕಿನಲ್ಲಿ ಕರೆದೊಯ್ಯುವವನು ಖೋಯ್. ಹಾಡು ಮುಗಿಯುವ ಮುಂಚೆ ಯಾರಾದರೂ ಎದ್ದರೆ, ಅವನೇ ಕೈ ಹಿಡಿದು ಕೂರಿಸುತ್ತಾನೆ.