ಕಿವಿಯಕ್ಕನ ವೈನ್

ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳು ಊರಿನವರ ಕಿವಿ ಪರೀಕ್ಷಿಸಿ ಶ್ರವಣಯಂತ್ರ ಹಾಕಿ ಕಳಿಸುತ್ತಿದ್ದಾಳೆ. ಎಲ್ಲರ ಬಾಯಲ್ಲೂ ಅವಳು ಕಿವಿಯಕ್ಕ. ಕೂಗಿ ಮಾತಾಡುವುದೇ ಅಭ್ಯಾಸವಾಗಿ, ಅವಳು ಗುಟ್ಟು ಹೇಳಿದರೆ ಮೂರು ಮನೆ ಆಚೆಗೂ ಮುಟ್ಟುತ್ತದೆ. ಬಸ್ ಡಿಪೋದಲ್ಲಿ ಗುಮಾಸ್ತನಾಗಿರುವ ಗಂಡ, "ನಮ್ಮನೇಲಿ ಯಂತ್ರ ಬೇಡ, ಕಿವಿಗೆ ಹತ್ತಿ ಸಾಕು" ಅನ್ನುತ್ತಾನೆ.

ಯಂತ್ರವನ್ನು ಕಿವಿಗೆ ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಯಾರ ಕಿವಿಗೆ ಯಾವ ಸದ್ದು ಎಷ್ಟು ಬೇಕೋ ಅಷ್ಟನ್ನು ತಂತ್ರಾಂಶದಲ್ಲಿ ತುಂಬಬೇಕು. ಊರಿನ ಮೂವತ್ತು ಮುದುಕ ಮುದುಕಿಯರ ಕಿವಿಯಲ್ಲಿದ್ದದ್ದು ಒಂದೇ ಹಳೇ ಮಾದರಿ. ಅದರ ತಂತ್ರಾಂಶ ಓಡುತ್ತಿದ್ದದ್ದು ಓಬೀರಾಯನ ಕಾಲದ ವಿಂಡೋಸ್‌ನಲ್ಲಿ ಮಾತ್ರ. ಒಂದು ಬೆಳಿಗ್ಗೆ, ಅತ್ತೆಯ ಯಂತ್ರವನ್ನು ಸರಿಮಾಡುತ್ತಿರುವಾಗಲೇ ಆ ಕಂಪ್ಯೂಟರ್ ಹೊಗೆಯುಗುಳಿ ಸತ್ತಿತು. ಅರ್ಧಂಬರ್ಧ ತುಂಬಿದ ಯಂತ್ರದಲ್ಲಿ ಅತ್ತೆಗೆ ಬರೀ ಬುಸ್ ಅನ್ನುವ ಸದ್ದು.

ಕಂಪನಿಯ ಏಜೆಂಟ್ ಟೈ ಸರಿಮಾಡಿಕೊಳ್ಳುತ್ತ ಬಂದ. "ಆ ಮಾಡೆಲ್ ನಿಲ್ಲಿಸಿ ಯಾವ ಕಾಲ ಆಯ್ತು ಮೇಡಂ. ಮೂವತ್ತೂ ಜನಕ್ಕೆ ಹೊಸದು ಹಾಕ್ಬಿಡಿ."

"ಯಂತ್ರ ಕೆಟ್ಟಿಲ್ಲ, ಕೆಟ್ಟಿದ್ದು ನನ್ನ ಕಂಪ್ಯೂಟರ್."

"ಹೊಸ ಕಂಪ್ಯೂಟರಲ್ಲಿ ಹಳೇದು ಓಡಲ್ಲ."

"ಓಡಿಸ್ತೀನಿ ನೋಡ್ತಿರಿ" ಎಂದಳು. ಹೇಗೆ ಅನ್ನುವುದು ಅವಳಿಗೂ ಗೊತ್ತಿರಲಿಲ್ಲ. ಅವನ ಮುಖ ನೋಡಿ ಮೈ ಉರಿದಿತ್ತು, ಅಷ್ಟೇ.

ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಅವಳ ತಮ್ಮ, ಅಲ್ಲಿ ಮೂಲೆ ಸೇರಿದ್ದ ಕಂಪ್ಯೂಟರೊಂದನ್ನು ಹೊತ್ತು ತಂದ. ಅದರಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನುವ ಬೇರೆ ವ್ಯವಸ್ಥೆ. "ತಲೆ ಕೆಡಿಸ್ಕೋಬೇಡಕ್ಕ. ಸ್ವಲ್ಪ ವೈನ್ ಹಾಕಿದ್ರೆ ಎಲ್ಲಾ ಸರಿಹೋಗತ್ತೆ."

ಪೇಪರ್ ಓದುತ್ತಿದ್ದ ಗಂಡ ತಟ್ಟನೆ ತಲೆಯೆತ್ತಿದ. "ಯಾರಿಗೆ?"

"ಕಂಪ್ಯೂಟರಿಗೆ ಭಾವ. ವೈನ್ ಅಂತ ಒಂದು ತಂತ್ರಾಂಶ. ವಿಂಡೋಸ್‌ಗೆ ಅಂತ ಮಾಡಿದ್ದನ್ನ ಲಿನಕ್ಸಲ್ಲಿ ಓಡಿಸತ್ತೆ. ಗಂಡನ ಮನೆಗೆ ಬಂದವಳಿಗೆ ಇದೇ ನಿನ್ನ ತವರು ಅಂತ ನಂಬಿಸಿದ ಹಾಗೆ."

"ನನ್ನನ್ನ ಯಾರೂ ನಂಬಿಸಲಿಲ್ಲ" ಎಂದಳು ಕಿವಿಯಕ್ಕ. ಗಂಡ ಪೇಪರಿನ ಹಿಂದಕ್ಕೆ ಸರಿದ.

ತಮ್ಮ ವೈನ್ ಹಾಕಿಕೊಟ್ಟು ಕೆಲಸಕ್ಕೆ ಓಡಿದ. ಉಳಿದದ್ದು ಅವಳ ಪಾಡು. ಹಳೇ ಸಿ.ಡಿ.ಯಿಂದ ಹಾಕಿದ ತಂತ್ರಾಂಶವೇನೋ ತೆರೆಯಿತು, ಅಕ್ಷರಗಳಿದ್ದ ಕಡೆಯೆಲ್ಲ ಖಾಲಿ ಚೌಕಗಳು. ಇಂಟರ್ನೆಟ್ಟಿನಲ್ಲಿ ಹುಡುಕಿ ಹಳೇ ಫಾಂಟ್ ತಂದು ಹಾಕಿದಳು. ಅಕ್ಷರ ಬಂತು, ಆದರೆ "ಯಂತ್ರ ಕಾಣುತ್ತಿಲ್ಲ" ಅಂತ ಅದರ ರಾಗ. ತಂತಿ ಕಿತ್ತಳು, ಚುಚ್ಚಿದಳು, ಬೈದಳು, ಮತ್ತೆ ಚುಚ್ಚಿದಳು. ನಾಲ್ಕನೆಯ ದಿನ ವಿಷಯ ತಿಳಿಯಿತು. ಹಳೇ ತಂತ್ರಾಂಶ ಯಂತ್ರವನ್ನು ಹುಡುಕುತ್ತಿದ್ದದ್ದು ತಂತಿ ಚುಚ್ಚುವ ಒಂದನೇ ನಂಬರಿನ ಬಾಗಿಲಲ್ಲಿ, ಅಂದರೆ ಪೋರ್ಟಿನಲ್ಲಿ; ಲಿನಕ್ಸ್ ಅದೇ ಬಾಗಿಲನ್ನು ಬೇರೆ ಹೆಸರಿನಿಂದ ಕರೆಯುತ್ತಿತ್ತು. ಎರಡೂ ಹೆಸರನ್ನು ಗಂಟುಹಾಕಲು ಬೇಕಾದದ್ದು ಒಂದೇ ಒಂದು ಸಾಲು. ಅದನ್ನು ಆರು ಸಲ ತಪ್ಪಾಗಿ ಟೈಪ್ ಮಾಡಿ ಏಳನೆಯ ಸಲ ಗೆದ್ದಳು.

ಅತ್ತೆಯ ಕಿವಿಗೆ ಹಾಕುವ ಮೊದಲು ತನ್ನ ಕಿವಿಯಲ್ಲೇ ನೋಡೋಣವೆಂದು, ಕಡಿಮೆ ಸದ್ದು ತುಂಬಿ ಸಿಕ್ಕಿಸಿಕೊಂಡಳು. ಕೆಳಗಿನ ಅಂಗಡಿಯವನು ಒಂದು ಜೊತೆ ಚಪ್ಪಲಿಯನ್ನು ನೆಲಕ್ಕೆ ಹಾಕಿದ. ಗೋಡೆಯೇ ಬಿದ್ದಂತಾಗಿ ಕಿವಿಯಕ್ಕ ಕುರ್ಚಿಯಿಂದ ಹಾರಿದಳು. ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುವ ಯಾವುದೋ ದೇಶದ ಪದ್ಧತಿ ಆ ಕಂಪ್ಯೂಟರಿನಲ್ಲಿ ಕೂತಿತ್ತು. ಅವಳು ಬರೆದ ಎರಡೂವರೆಯ ಚುಕ್ಕಿಯನ್ನು ನುಂಗಿ ಅದು ಇಪ್ಪತ್ತೈದು ಮಾಡಿತ್ತು. ಪದ್ಧತಿ ಬದಲಿಸಿ, ಒಂದು ವಾರ ತನ್ನ ಕಿವಿಯನ್ನೇ ಬಲಿಕೊಟ್ಟು, ಪ್ರತಿ ಅಂಕಿಯನ್ನೂ ಹಳೇ ಚೀಟಿಗಳೊಂದಿಗೆ ತಾಳೆ ನೋಡಿದಳು.

ಆಮೇಲೆ ಅತ್ತೆಯನ್ನು ಕೂರಿಸಿದಳು. ಹೊರಕೋಣೆಯಲ್ಲಿ ಗಂಡ ಯಾರಿಗೋ ಹೇಳುತ್ತಿದ್ದ: "ನಿಜ ಹೇಳ್ಬೇಕಂದ್ರೆ, ಅಮ್ಮನಿಗೆ ಕೇಳದೇ ಇದ್ದ ಈ ಮೂರು ವಾರ ಮನೆ ಎಷ್ಟು ತಣ್ಣಗಿತ್ತು ಅಂತೀರಿ!"

"ಮುಗೀತು ಕಣೋ ನಿನ್ನ ತಣ್ಣಗೆ!" ಒಳಗಿನಿಂದ ಅತ್ತೆಯ ದನಿ ಬಂತು. ಕಿವಿಯಕ್ಕ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅತ್ತೆಯ ಬಾಯಿಗೆ ಅವಳು ಸಂತೋಷಪಟ್ಟದ್ದು ಅದೇ ಮೊದಲು.

ಉಳಿದವರೂ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದರು. ಎರಡನೇ ತಿಂಗಳಲ್ಲಿ ಏಜೆಂಟನೂ ಬಂದ, ಟೈ ಇಲ್ಲದೆ, ಅಪ್ಪನ ಕೈ ಹಿಡಿದುಕೊಂಡು. ಮುದುಕನ ಕಿವಿಯಲ್ಲಿ ಅದೇ ಹಳೇ ಮಾದರಿ.

"ಹೊಸದು ಹಾಕ್ಸ್ಕೊಳ್ಳಿ ಅಂತ ಅಪ್ಪನಿಗೆ ಅಂದೆ ಮೇಡಂ, ಕೇಳಲ್ಲ ಅಂತಾರೆ."

"ಕೇಳಲ್ಲ ಅಂತಾನೇ ಅಲ್ವೇ ಇಲ್ಲಿಗೆ ಬಂದಿದ್ದು? ಕೂತ್ಕೊಳ್ಳಿ ಯಜಮಾನ್ರೇ" ಎಂದು ತಂತಿ ಕೈಗೆತ್ತಿಕೊಂಡಳು.

ಹೋದ ವರ್ಷ ನಿವೃತ್ತ ಪೋಸ್ಟ್‌ಮಾಸ್ಟರ್ ತೀರಿಕೊಂಡಾಗ ಮಗಳು ಅವರ ಯಂತ್ರವನ್ನು ತಂದುಕೊಟ್ಟಳು. ಅವರ ಅಂಕಿಗಳನ್ನೆಲ್ಲ ಅಳಿಸಿ, ತೊಳೆದು, ಎದುರು ಬೀದಿಯಲ್ಲಿ ತರಕಾರಿ ಮಾರುವವಳ ಕಿವಿಗೆ ಹೊಸ ಅಚ್ಚು ತೆಗೆದು ಹೊಂದಿಸಿದಳು. ಕಿವಿ ಕೇಳದೆ ಹತ್ತು ವರ್ಷದಿಂದ ಬೆರಳ ಸನ್ನೆಯಲ್ಲೇ ವ್ಯಾಪಾರ ಮಾಡಿದ್ದವಳು ಅವಳು. ಕಿವಿಯಕ್ಕ ಕಿಟಕಿ ತೆರೆಯುತ್ತಲೇ ಅವಳು ಹೌಹಾರಿದಳು.

"ಅಯ್ಯೋ, ಈ ಊರು ಇಷ್ಟೊಂದು ಗಲಾಟೆನಾ? ತೆಗೀರಿ ತಾಯಿ ಇದನ್ನ!"

ಕಿವಿಯಕ್ಕ ಸದ್ದು ಒಂದಿಷ್ಟು ಇಳಿಸಿ ಕಾದಳು. ತರಕಾರಿಯವಳು ಮಾತ್ರ ಏಳಲಿಲ್ಲ. ಕಿಟಕಿಯ ಕೆಳಗೆ ಚಪ್ಪಲಿ ಅಂಗಡಿಯವನಿಗೂ ಗಿರಾಕಿಗೂ ಜಗಳ ಹತ್ತಿಕೊಂಡಿತ್ತು. ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ತಪ್ಪು ಗಿರಾಕಿಯದೇ ಅಂತ ತೀರ್ಪು ಕೊಟ್ಟು, ಬುಟ್ಟಿ ಎತ್ತಿಕೊಂಡು ಇಳಿದುಹೋದಳು.