ಕಿಳಿನೊಚ್ಚಿಯ ಮನೆಯ ಬಾಗಿಲು

ಕೊಲ್ಲಿ ದೇಶದಲ್ಲಿ, ಅಲ್ ಅಜೀಜಿಯಾದ ಒಂದು ವಿಲ್ಲಾದ ಮಹಡಿಯ ಕೋಣೆಯಲ್ಲಿ ನನ್ನ ಜೊತೆ ಶ್ರೀಲಂಕಾದ ತಮಿಳು ಹುಡುಗಿಯೊಬ್ಬಳಿದ್ದಳು. ಅವಳು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ನಾನು ಮುಶೈರಿಬ್‌ನ ಕಟ್ಟಡ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳ ನಕ್ಷೆಗಳನ್ನು ದಾಖಲಿಸಿಕೊಳ್ಳುವುದು, ಸೈಟಿನ ಫೋಟೊ ನಕ್ಷೆಗೆ ತಾಳೆಯಾಗದಿದ್ದರೆ ವಾಪಸು ಕಳಿಸುವುದು ನನ್ನ ಕೆಲಸ. ಫುಟ್‌ಬಾಲ್ ವಿಶ್ವಕಪ್ಪಿಗೆಂದು ಊರನ್ನೆಲ್ಲ ಅಗೆದು ಹಾಕಿದ್ದ ವರ್ಷಗಳವು. ಕೆಲಸಕ್ಕೆ ಬರವಿರಲಿಲ್ಲ.

ಅವಳ ತಾಯಿ ಕಿಳಿನೊಚ್ಚಿಯ ಹತ್ತಿರದ ಹಳ್ಳಿಯಲ್ಲಿದ್ದರು. ಯುದ್ಧದಲ್ಲಿ ಮನೆ ಹೋಗಿತ್ತು. ಕೊನೆಯ ದಿನಗಳಲ್ಲಿ ಕಾಣೆಯಾದ ಅಣ್ಣನ ಸುದ್ದಿ ಬಂದಿರಲಿಲ್ಲ. ಅಂಥವರಿಗೆ ನಮ್ಮ ಇಂಡಿಯಾ ಸರ್ಕಾರ ಮನೆ ಕಟ್ಟಿಕೊಳ್ಳಲು ನೆರವು ಕೊಡುತ್ತಿತ್ತು. ಮನೆಯವರೇ ನಿಂತು ಕಟ್ಟಿಸಬೇಕು. ಒಂದೊಂದು ಹಂತವನ್ನೂ ಎಂಜಿನಿಯರ್ ನೋಡಿ ಒಪ್ಪಿದ ಮೇಲೆ ಮುಂದಿನ ಕಂತು. ಪ್ರತಿ ಶುಕ್ರವಾರ ಅವಳ ಫೋನಿಗೆ ಮನೆಯ ಫೋಟೊ ಬರುತ್ತಿತ್ತು. ಅವಳು ಮೊದಲು ನನಗೇ ತೋರಿಸುತ್ತಿದ್ದಳು.

ನಾನು "ಚೆನ್ನಾಗಿದೆ" ಎನ್ನುತ್ತಿದ್ದೆ. ಒಳಗೆ ಉರಿಯುತ್ತಿತ್ತು. ನನ್ನ ತಂದೆ ಅದೇ ಸರ್ಕಾರದ ಗುಮಾಸ್ತರು. ಮೈಸೂರಿನ ಕ್ವಾರ್ಟರ್ಸಿನಲ್ಲೇ ನಾವು ಬೆಳೆದದ್ದು. ಮರುವರ್ಷ ಅವರು ನಿವೃತ್ತರಾದರೆ ಅದನ್ನು ಬಿಡಬೇಕು. ಊರಾಚೆ ತೆಗೆದುಕೊಂಡ ಸೈಟಿಗೆ ಖಾತೆ ಆಗುತ್ತಿರಲಿಲ್ಲ. ಖಾತೆಯಿಲ್ಲದೆ ನಕ್ಷೆ ಮಂಜೂರಾಗುವುದಿಲ್ಲ. ಅಪ್ಪ ರಜೆ ಹಾಕಿ ಖಾತೆಯ ಕಚೇರಿಗೆ ಅಲೆಯುತ್ತಿದ್ದರು. ಸಮುದ್ರದಾಚೆಯ ಹೆಂಗಸಿನ ಹಿತ್ತಿಲಿಗೆ ಎಂಜಿನಿಯರನ್ನು ಕಳಿಸುವ ಸರ್ಕಾರಕ್ಕೆ ತನ್ನ ಗುಮಾಸ್ತ ಕಾಣುವುದಿಲ್ಲವೇ ಎನ್ನಿಸುತ್ತಿತ್ತು. ಮಗನನ್ನು ಕಳೆದುಕೊಂಡವರ ಜೊತೆ ನಮ್ಮನ್ನು ಹೋಲಿಸಬಾರದೆಂದು ಗೊತ್ತಿತ್ತು. ಗೊತ್ತಿದ್ದೂ ಹೋಲಿಸುತ್ತಿದ್ದೆ.

ಒಂದು ಶುಕ್ರವಾರ ಬಂದ ಫೋಟೊದಲ್ಲಿ ಗೋಡೆ ಎದೆಮಟ್ಟ ಎದ್ದು, ಬಾಗಿಲವಾಡ ನಿಂತಿತ್ತು. ಅವಳು ಮೊದಲೇ ತೋರಿಸಿದ್ದ ಮನೆಯ ನಕ್ಷೆಯಲ್ಲಿ ಬಾಗಿಲಿದ್ದದ್ದು ರಸ್ತೆಯ ಕಡೆಗೆ. ಇಲ್ಲಿ ಅದು ಬಾವಿಯ ಕಡೆಗಿತ್ತು.

"ಅಕ್ಕಾ, ನೀವು ದಿನಾ ನಕ್ಷೆ ನೋಡೋರು. ಇದು ಪರವಾಗಿಲ್ವಾ?" ಎಂದಳು. ಅವಳ ತಮಿಳು ನನಗೆ ತಿಳಿಯುತ್ತಿತ್ತು. "ಹಳೇ ಮನೆಯ ಬಾಗಿಲು ಅಲ್ಲೇ ಇದ್ದದ್ದು. ಅಣ್ಣ ಬಂದ್ರೆ ಬಾವಿ ಕಡೆಯಿಂದಲೇ ಬರ್ತಾನಂತೆ. ಅಲ್ಲಿ ಗೋಡೆ ಕಂಡ್ರೆ ಬೇರೆ ಯಾರದೋ ಮನೆ ಅಂದ್ಕೊಂಡು ಹೋಗಿಬಿಡ್ತಾನೆ ಅಂತಾಳೆ ಅಮ್ಮ."

"ನಕ್ಷೆಯಲ್ಲಿ ಇಲ್ಲದ್ದು ಪಾಸಾಗಲ್ಲ. ತೆಗೆಸಿಬಿಡಿ," ಎಂದೆ.

ಅದು ನಮ್ಮ ಆಫೀಸಿನ ನಿಯಮ. ಅವರ ಮನೆಯ ನೆರವಿನ ಒಪ್ಪಂದವನ್ನು ನಾನು ಓದಿಯೇ ಇರಲಿಲ್ಲ.

ಅವಳು ಅಲ್ಲೇ ಕೂತು ಫೋನ್ ಮಾಡಿದಳು. ಸ್ಪೀಕರಿನಲ್ಲಿ ಅವಳ ತಾಯಿಯ ಗದರಿಕೆ ಕೇಳಿಸಿತು. ಮಗಳನ್ನು ಅವರು ಪಿಳ್ಳೆ ಎಂದೇ ಕರೆಯುತ್ತಿದ್ದರು.

"ತೆಗೆಯೋದಾ? ಯಾರು ಪಿಳ್ಳೆ ಹೇಳಿದ್ದು? ನಿನ್ನ ಹಲ್ಲಿನ ಡಾಕ್ಟರಾ?"

"ನನ್ನ ರೂಮಿನ ಅಕ್ಕ, ಅಮ್ಮಾ. ನಕ್ಷೆ ಆಫೀಸಲ್ಲಿರೋರು. ಇಂಡಿಯಾದವರು."

ಆ ಕಡೆಯ ದನಿ ತಗ್ಗಿತು. "ಇಂಡಿಯಾದವರಾ? ಕೊಟ್ಟವರೇ ಹೇಳಿದ ಮೇಲೆ ಇನ್ನೇನು. ನಾಳೆ ಮೇಸ್ತ್ರಿಗೆ ಹೇಳ್ತೀನಿ," ಎಂದರು.

ಕೊಟ್ಟವಳು ನಾನಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಮಾತು ನನಗೆ ಹಿತವಾಗಿತ್ತು.

ಶನಿವಾರ ಬೆಳಿಗ್ಗೆ, ಏಕೋ ತಡೆಯಲಾರದೆ, ಅವಳಿಂದ ಒಪ್ಪಂದದ ಕಾಗದವನ್ನು ಕೇಳಿ ತರಿಸಿಕೊಂಡೆ. ಇಂಗ್ಲಿಷಿನಲ್ಲಿತ್ತು. ಎಂಜಿನಿಯರಿಗೆ ತಿಳಿಸಿ ಬಾಗಿಲು, ಕಿಟಕಿಗಳ ಜಾಗವನ್ನು ಮನೆಯವರು ಬದಲಿಸಿಕೊಳ್ಳಬಹುದು ಎಂದು ಒಂದೇ ಸಾಲು. ಎರಡನೆಯ ಪುಟದಲ್ಲಿತ್ತು.

ಓದಿದ್ದು ಬೆಳಿಗ್ಗೆ. ಹೇಳಿದ್ದು ಸಂಜೆ. ನಡುವೆ ಬಟ್ಟೆ ಒಗೆದೆ, ವಾರದ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿದೆ.

"ನಾನು ಹೇಳಿದ್ದು ತಪ್ಪು. ಬಾಗಿಲು ಅಲ್ಲೇ ಇರಬಹುದು."

"ನಿಮಗೆ ತಪ್ಪಾಗತ್ತಾ ಅಕ್ಕಾ?" ಎಂದು ನಗುತ್ತಲೇ ಅವಳು ಫೋನ್ ತೆಗೆದುಕೊಂಡಳು. ಮಧ್ಯಾಹ್ನವೇ ಮೇಸ್ತ್ರಿ ಬಾಗಿಲವಾಡ ಕಿತ್ತು, ಆ ಜಾಗಕ್ಕೆ ಮೂರು ಸಾಲು ಕಲ್ಲಿಟ್ಟು ಹೋಗಿದ್ದನಂತೆ.

"ಒಂದೇ ದಿನದಲ್ಲಿ ಇಂಡಿಯಾ ಮನಸ್ಸು ಬದಲಿಸಿತಾ?" ಎಂದು ಆ ತಾಯಿ ನಕ್ಕರು. ಆಮೇಲೆ, "ಆ ಅಕ್ಕನಿಗೆ ಬೈಬೇಡ ಪಿಳ್ಳೆ. ನಮಗೋಸ್ಕರ ಕೂತು ಓದಿದಾಳಲ್ಲ. ಹಸಿ ಗಾರೆ, ನಾನೇ ಕಿತ್ತು ಹಾಕ್ತೀನಿ," ಎಂದರು.

ಬೆಳಿಗ್ಗೆಯೇ ಓದಿದ್ದೆ ಎಂದು ನಾನು ಅವಳಿಗೆ ಈವರೆಗೂ ಹೇಳಿಲ್ಲ.

ಮುಂದಿನ ಶುಕ್ರವಾರ ಬಂದ ಫೋಟೊದಲ್ಲಿ ಬಾಗಿಲವಾಡ ಮತ್ತೆ ಬಾವಿಯ ಕಡೆಗೆ ನಿಂತಿತ್ತು. ಅದರೊಳಗೆ ಅವಳ ತಾಯಿ, ಎರಡೂ ಕಡೆ ಕೈ ಊರಿಕೊಂಡು. ಎಂಜಿನಿಯರ್ ಒಪ್ಪಿದ್ದರು. ಅವಳು ಸ್ನಾನಕ್ಕೆ ಹೋದಾಗ ಆ ಫೋಟೊವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಎಲ್ಲಾದರೂ ಸೊಟ್ಟ ಇದೆಯೇ ಎಂದು ಹುಡುಕುತ್ತಿದ್ದೆ. ಇರಲಿಲ್ಲ.